ಹಕ್ಕಿಗಳಿಗಾಗಿ ಬಾಳಿದ ಸಲೀಂ ಅಲಿ

ಮಾಗಿಯ ಚಳಿ ಬಂತೆಂದರೆ ನಮ್ಮ ದಿಂಬಂ ಘಟ್ಟದ ಮೇಲೆ ಹೊತ್ತೇರಿದರೂ ಮಂಜು ಕರಗುವುದಿಲ್ಲ. ಸತ್ಯಮಂಗಲದ ಕಡೆಯಿಂದ 27 ತಿರುವುಗಳನ್ನು ಹತ್ತಿ ಬರುವ ಲಾರಿಗಳು ಬೆಳಗಿನಲ್ಲೂ ದೀಪ ಹಾಕಿಕೊಂಡೇ ಬರುತ್ತವೆ. ನಾವೆಲ್ಲ ಕಂಬಳಿಯೊಳಗೆ ಮುದುಡಿಕೊಳ್ಳುವ ಈ ದಿನಗಳಲ್ಲಿಯೇ ನಮ್ಮ ನಾಡಿಗೆ ಕೆಲವು ಅತಿಥಿಗಳು ಬಂದಿರುತ್ತಾರೆ. ಹಳ್ಳದ ಬಂಡೆಯ ಮೇಲೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಓಡುವ ಬೂದು ಸಿಪಿಲೆ ಹಿಮಾಲಯದಂಥ ದೂರದ ಬೆಟ್ಟನಾಡಿನಿಂದ ಬಂದದ್ದು. ಬೇಲಿಯ ಮುಳ್ಳಿನ ಮೇಲೆ ಒಂಟಿಯಾಗಿ ಕುಳಿತಿರುವ ಕಂದು ಕಳಿಂಗ ಇನ್ನೂ ಉತ್ತರದ ದೇಶಗಳಿಂದ ಬಂದದ್ದು. ಚಾಮರಾಜನಗರದ ದಾರಿಯಲ್ಲಿರುವ ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳಿಗೆ, ಘಟ್ಟದ ಕೆಳಗಿನ ಭವಾನಿಸಾಗರಕ್ಕೆ, ಊರೂರ ಕೆರೆಗಳಿಗೆ ನೀರುಹಕ್ಕಿಗಳು ಬಂದು ಇಳಿಯುತ್ತವೆ. ಬೇಸಿಗೆ ತಲೆದೋರುವ ಹೊತ್ತಿಗೆ ಇವು ಹೇಳದೆ ಕೇಳದೆ ಹೊರಟುಹೋಗುತ್ತವೆ.

ಈ ಹಕ್ಕಿಗಳು ಎಲ್ಲಿಂದ ಬಂದವು, ಏಕೆ ಬಂದವು, ಮತ್ತೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗಳನ್ನು ಜನಸಾಮಾನ್ಯರೂ ಕೇಳುವಂತೆ ಮಾಡಿದವರಲ್ಲಿ ಅಗ್ರಗಣ್ಯರು ಸಲೀಂ ಅಲಿ. ತೊಂಬತ್ತು ವರ್ಷ ಬದುಕಿದ ಅವರು ಎಂಬತ್ತು ವರ್ಷಗಳನ್ನು ಹಕ್ಕಿಗಳ ಹಿಂದೆಯೇ ಕಳೆದರು. ಅವರ ಜೀವನ ವಿದ್ಯಾರ್ಥಿಗಳಾದ ನೀವು ಅರಿಯಬೇಕಾದುದು. ಏಕೆಂದರೆ ಅವರು ತರಗತಿಯಲ್ಲಿ ಮೊದಲಿಗರಾಗಿದ್ದವರಲ್ಲ. ಕೈಗೆ ಬಂದ ಕೆಲಸವನ್ನೂ ಕಳೆದುಕೊಂಡವರು. ಆದರೆ ಕಣ್ಣಿಗೆ ಕಂಡುದನ್ನು ತಪ್ಪದೆ ಬರೆದಿಡುವ ಒಂದು ಅಭ್ಯಾಸವನ್ನು ಕೊನೆಯವರೆಗೂ ಬಿಡಲಿಲ್ಲ.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ತುಂಬಿದ ಸಂಸಾರದ ಕಡೆಯ ಮಗು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರು ವರ್ಷದವರಿದ್ದಾಗ ತಾಯಿಯೂ ಕಣ್ಮರೆಯಾದರು. ಈ ಅನಾಥ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಮನೆಗೆ ಕರೆತಂದು ಸಾಕಿದರು. ಆ ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ.

ಬಾಲಕ ಸಲೀಮನಿಗೆ ಓದಿಗಿಂತ ಬೇಟೆಯಲ್ಲಿ ಆಸಕ್ತಿ ಹೆಚ್ಚು. ಮಾವ ಕೊಟ್ಟ ಒಂದು ಏರ್‌ಗನ್ ಹಿಡಿದು ಗುಬ್ಬಚ್ಚಿಗಳನ್ನು ಹೊಡೆಯುತ್ತಿದ್ದ. ಸುಮಾರು ಹತ್ತು ಹನ್ನೆರಡು ವರ್ಷದವನಿದ್ದಾಗ ಒಂದು ದಿನ ಹೊಡೆದು ಬೀಳಿಸಿದ ಗುಬ್ಬಿ ಬೇರೆಯವುಗಳಂತೆ ಇರಲಿಲ್ಲ. ಅದರ ಕತ್ತಿನ ಮೇಲೆ ಹಳದಿ ಬಣ್ಣದ ಮಚ್ಚೆಯಿತ್ತು. ಇದು ಯಾವ ಹಕ್ಕಿ, ಇದನ್ನು ತಿನ್ನಬಹುದೇ ಎಂಬ ಸಂದೇಹ ಹುಡುಗನಿಗೆ ಉಂಟಾಯಿತು. ಮಾವನಿಗೂ ಗೊತ್ತಾಗಲಿಲ್ಲ. ಆದರೆ ಅವರು ಗದರಿಸಿ ಸುಮ್ಮನಾಗಿಸಲಿಲ್ಲ. ತಾವು ಸದಸ್ಯರಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬುವರಿಗೆ ಪತ್ರ ಬರೆದುಕೊಟ್ಟು ಹುಡುಗನನ್ನು ಕಳುಹಿಸಿದರು.

ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದು, ಅಳುಕುತ್ತಲೇ ಒಳಗೆ ಬಂದ ಆ ಹುಡುಗನನ್ನು ಮಿಲ್ಲಾರ್ಡರು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕತ್ತಿನ ಗುಬ್ಬಿ ಎಂದು ತಿಳಿಸಿದರು. ಅಷ್ಟಕ್ಕೇ ಬಿಡದೆ ಅಲ್ಲಿದ್ದ ಬೀರುಗಳನ್ನು ತೆರೆದು, ಭಾರತದ ನಾನಾ ಕಡೆಯಿಂದ ತಂದು ಕಾಪಾಡಿದ್ದ ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮವನ್ನು ಕೆಡದಂತೆ ಇಡುವುದನ್ನೂ, ಟಿಪ್ಪಣಿ ಬರೆಯುವುದನ್ನೂ ಕಲಿಯಲು ಅನುಕೂಲ ಮಾಡಿಕೊಟ್ಟರು. ಒಬ್ಬ ಹಿರಿಯರು ಒಬ್ಬ ಹುಡುಗನ ಪ್ರಶ್ನೆಗೆ ಬೆಲೆ ಕೊಟ್ಟದ್ದರಿಂದ ಭಾರತಕ್ಕೆ ಒಬ್ಬ ಮಹಾ ಪಕ್ಷಿವಿಜ್ಞಾನಿ ದೊರೆತರು. ತಂದೆ ತಾಯಿಗಳು ಈ ಸಂಗತಿಯನ್ನು ಮನಸ್ಸಿಟ್ಟು ಗಮನಿಸಬೇಕು.

ಶಾಲೆಯಲ್ಲಿ ಸಲೀಂ ಹೇಳಿಕೊಳ್ಳುವಂಥ ವಿದ್ಯಾರ್ಥಿಯಾಗಿರಲಿಲ್ಲ. ಮೇಲಿಂದ ಮೇಲೆ ತಲೆನೋವು. ಗಣಿತವೆಂದರೆ ಭಯ. 1913ರಲ್ಲಿ ಹೇಗೋ ಮೆಟ್ರಿಕ್ಯುಲೇಷನ್ ಮುಗಿಸಿ ಕಾಲೇಜಿಗೆ ಸೇರಿದರೂ ಅಲ್ಲಿಯ ಲೆಕ್ಕಗಳಿಗೆ ಬೆದರಿ ಬಿಟ್ಟುಬಿಟ್ಟರು. ಬರ್ಮಾ ದೇಶದಲ್ಲಿ ಮನೆಯವರ ವ್ಯಾಪಾರ ನೋಡಿಕೊಳ್ಳಲು ಹೋದರು. ವ್ಯಾಪಾರ ಕೈಹಿಡಿಯಲಿಲ್ಲ. ಆದರೆ ಅಲ್ಲಿಯ ಕಾಡುಗಳಲ್ಲಿ ಅಲೆದು ಹಕ್ಕಿಗಳನ್ನು ನೋಡುವ ಕಣ್ಣು ಹರಿತವಾಯಿತು. ಮುಂಬಯಿಗೆ ಮರಳಿ ಪ್ರಾಣಿಶಾಸ್ತ್ರದ ಪಾಠ ಕೇಳಿದರು. 1918ರಲ್ಲಿ ತೆಹಮಿನಾ ಎಂಬುವರನ್ನು ಮದುವೆಯಾದರು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾದರು. ಬಳಿಕ ಹೆಚ್ಚಿನ ಅಭ್ಯಾಸಕ್ಕೆಂದು ಜರ್ಮನಿಯ ಬರ್ಲಿನ್ ನಗರಕ್ಕೆ ತೆರಳಿ, ಎರ್ವಿನ್ ಸ್ಟ್ರೆಸೆಮಾನ್ ಎಂಬ ಹೆಸರಾಂತ ವಿದ್ವಾಂಸರ ಬಳಿ ಕಲಿತರು.

1930ರಲ್ಲಿ ತಾಯ್ನಾಡಿಗೆ ಹಿಂದಿರುಗಿದಾಗ ಅವರಿಗೆ ಕಾದಿದ್ದುದು ನಿರಾಶೆ. ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣದಿಂದ ಸರ್ಕಾರಿ ಕೆಲಸವೂ ದೊರೆತಿರಲಿಲ್ಲ. ಮುಂಬಯಿಯಲ್ಲಿ ಸಂಸಾರ ನಡೆಸುವುದು ಕಷ್ಟವಾಗಿ, ಗಂಡ ಹೆಂಡಿರು ಕಡಲಾಚೆಯ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು.

ಆ ಹಳ್ಳಿಯ ಮನೆಯ ಹತ್ತಿರ ಗೀಜಗಗಳು ಗೂಡು ಕಟ್ಟಿದ್ದವು. ನಮ್ಮ ಹೊಲಗಳ ಈಚಲು ಮರಗಳಲ್ಲಿ, ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ತೂಗಾಡುವ ಅದೇ ಗೂಡುಗಳು. ಕೆಲಸವಿಲ್ಲದ ಸಲೀಂ ಅಲಿ ಅವುಗಳ ಎದುರು ಏಣಿಗೆ ಮರೆ ಕಟ್ಟಿ, ಮಳೆಗಾಲದ ದಿನಗಳಲ್ಲಿ ಗಂಟೆಗಟ್ಟಲೆ ಕುಳಿತು ನೋಡಿದರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟುತ್ತದೆ. ಆಗ ಹೆಣ್ಣು ಹಕ್ಕಿಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಒಂದು ಹೆಣ್ಣು ಅಲ್ಲಿಯೇ ನೆಲೆಸುತ್ತದೆ. ಆಮೇಲೆ ಗಂಡು ಗೂಡನ್ನು ಪೂರ್ತಿ ಮಾಡಿ, ಹೆಣ್ಣು ಮೊಟ್ಟೆಗೆ ಕುಳಿತೊಡನೆ ಮತ್ತೊಂದು ಗೂಡಿನ ಕೆಲಸಕ್ಕೆ ಕೈಹಾಕಿ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹಿಡಿಸದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಅರೆಗೂಡುಗಳ ಅರ್ಥವನ್ನು ಹೀಗೆ ತಾಳ್ಮೆಯಿಂದ ನೋಡಿದವರೊಬ್ಬರು ಬಿಡಿಸಿ ಹೇಳಿದರು. ಆ ಲೇಖನ ಅವರಿಗೆ ವಿಜ್ಞಾನಿಗಳ ನಡುವೆ ಹೆಸರು ತಂದಿತು. ನೌಕರಿ ಹೋದ ವರ್ಷವೇ ಅವರ ಪಾಲಿಗೆ ಫಲ ಕೊಟ್ಟ ವರ್ಷವಾಯಿತು.

ಅನಂತರ ಸಲೀಂ ಅಲಿ ಒಂದು ದೊಡ್ಡ ಕಾರ್ಯಕ್ಕೆ ಮುಂದಾದರು. ದೇಶೀಯ ಸಂಸ್ಥಾನಗಳು ಖರ್ಚನ್ನು ವಹಿಸಿಕೊಂಡರೆ, ತಾವು ಸಂಬಳವಿಲ್ಲದೆ ಅಲ್ಲಿಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುವುದಾಗಿ ತಿಳಿಸಿದರು. ಹೈದರಾಬಾದು, ಕೊಚ್ಚಿ, ತಿರುವಾಂಕೂರು ಮುಂತಾದ ಕಡೆ ಎತ್ತಿನ ಗಾಡಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ತಿರುಗಿದರು. ಡೇರೆಯ ವಾಸ, ಸೊಳ್ಳೆ, ಮಳೆ ಯಾವುದಕ್ಕೂ ಬೇಸರಿಸದೆ ತೆಹಮಿನಾ ಅವರ ಜೊತೆಗಿದ್ದರು. ಅಂದಿನ ಕಾಲದಲ್ಲಿ ಹಕ್ಕಿಗಳನ್ನು ಕೊಂದು ಸಂಗ್ರಹಿಸಿಯೇ ಅಭ್ಯಾಸ ಮಾಡುವ ಪದ್ಧತಿಯಿತ್ತು. ಸಲೀಂ ಅಲಿಯವರೂ ಹಾಗೆ ಸಂಗ್ರಹಿಸಿದ್ದುಂಟು. ಆದರೆ ಜೀವಂತ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಹೇಗೆ ಮರಿ ಸಾಕುತ್ತದೆ ಎಂಬುದೇ ಹೆಚ್ಚು ಮುಖ್ಯವೆಂದು ಅವರು ತಿಳಿದಿದ್ದರು.

1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ಬಳಿಕ ತೆಹಮಿನಾ ತೀರಿಕೊಂಡರು. ಈ ಪೆಟ್ಟು ಅವರನ್ನು ಕಂಗೆಡಿಸಿತು. ಮುಂದೆ ಅಕ್ಕನ ಮನೆಯೇ ಅವರಿಗೆ ಆಸರೆಯಾಯಿತು. ಆದರೂ ಕೈಕಟ್ಟಿ ಕೂರದೆ, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಕೈಗೊಂಡರು. ಆ ಸಮೀಕ್ಷೆಯಲ್ಲಿ ಬಿಳಿಗಿರಿರಂಗನ ಬೆಟ್ಟಗಳೂ ಸೇರಿದ್ದವು. ನಮ್ಮ ದಿಂಬಂ ಅದೇ ಬೆಟ್ಟಸಾಲಿನ ದಕ್ಷಿಣದ ಅಂಚು. ಅಂದು ಇದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈರೋಡು ಜಿಲ್ಲೆಯಾದದ್ದು 1979ರಲ್ಲಿ. ಗಡಿರೇಖೆ ಮನುಷ್ಯರಿಗೆ ಮಾತ್ರ, ಹಕ್ಕಿಗಳಿಗಿಲ್ಲ. ಮೈಸೂರಿನ ಬೆಟ್ಟದಲ್ಲಿ ಬೆಳಗ್ಗೆ ಕೂಗಿದ ಹಕ್ಕಿ ಸಂಜೆಗೆ ತಾಳವಾಡಿಯ ಹೊಲದಲ್ಲಿರುತ್ತದೆ. ಈ ಬೆಟ್ಟಗಳ ಹೊನ್ನಮೇಟಿ ಕಾಫಿ ತೋಟದಲ್ಲಿದ್ದ ಆರ್.ಸಿ. ಮಾರಿಸ್ ಎಂಬುವರು ಇಲ್ಲಿಯ ಪ್ರಾಣಿಪಕ್ಷಿಗಳ ಬಗ್ಗೆ ಮುಂಬಯಿಯ ಅದೇ ಸಂಘದ ಪತ್ರಿಕೆಗೆ ವರ್ಷಗಟ್ಟಲೆ ಬರೆದು ಕಳುಹಿಸುತ್ತಿದ್ದರು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಕೊಕ್ಕರೆಗಳು ಗೂಡು ಮಾಡುವುದನ್ನು ಕಂಡ ಸಲೀಂ ಅಲಿ, ಆ ತಾಣವನ್ನು ಕಾಪಾಡಬೇಕೆಂದು ಮೈಸೂರು ಅರಸರಲ್ಲಿ ಕೇಳಿಕೊಂಡರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ಇಂದು ಎಲ್ಲರೂ ಪ್ರವಾಸ ಹೋಗಿ ನೋಡುವ ರಂಗನತಿಟ್ಟು. ದುಃಖದ ದಿನಗಳಲ್ಲಿ ಅವರು ಮಾಡಿದ ಕೆಲಸ ನಮ್ಮೆಲ್ಲರ ಆಸ್ತಿಯಾಗಿ ಉಳಿಯಿತು.

1941ರಲ್ಲಿ ಭಾರತದ ಹಕ್ಕಿಗಳನ್ನು ಸಾಮಾನ್ಯರಿಗೆ ಪರಿಚಯಿಸುವ ಅವರ ಸಚಿತ್ರ ಪುಸ್ತಕ ಹೊರಬಂದಿತು. 1945ರಲ್ಲಿ ಕೈಲಾಸ ಮಾನಸಸರೋವರಗಳ ಕಡೆಗೆ ಹಕ್ಕಿಗಳನ್ನು ನೋಡಲೆಂದೇ ಯಾತ್ರೆ ಮಾಡಿದರು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪ್ರತಿ ಚಳಿಗಾಲ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಟಿಬೆಟ್ಟು, ಮಂಗೋಲಿಯಗಳ ಅಂಥ ಎತ್ತರದ ಸರೋವರಗಳಲ್ಲಿಯೇ ಮರಿ ಮಾಡುತ್ತವೆ. ಅಲ್ಲಿ ನೀರು ಹೆಪ್ಪುಗಟ್ಟಿ ಆಹಾರ ಸಿಗದಾದಾಗ ಹಿಮಾಲಯವನ್ನೇ ದಾಟಿ ನಮ್ಮ ಕೆರೆಗಳಿಗೆ ಬರುತ್ತವೆ. ನಮಗೆ ನಡುಕ ಹುಟ್ಟಿಸುವ ಮಾಗಿ ಅವುಗಳಿಗೆ ಬೆಚ್ಚನೆಯ ಕಾಲ!

ವಲಸೆಯ ಹಕ್ಕಿಗಳ ವಿಷಯದಲ್ಲಿ ಒಂದು ಗಂಭೀರ ಪ್ರಶ್ನೆ ಕನ್ನಡ ನಾಡಿನಿಂದಲೇ ಎದ್ದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಜನರಿಗೂ ವಿಷಮ ಜ್ವರ ತಗಲಿತು. ಮಂಗನ ಕಾಯಿಲೆ ಎಂದು ಹೆಸರಾದ ಈ ರೋಗದ ವೈರಸ್ಸಿಗೂ ರಷ್ಯಾ ದೇಶದ ಒಂದು ರೋಗದ ವೈರಸ್ಸಿಗೂ ನಂಟು ಕಂಡುಬಂತು. ಹಾಗಾದರೆ ಇದನ್ನು ಅಲ್ಲಿಂದ ತಂದವು ಚಳಿಗಾಲದ ಹಕ್ಕಿಗಳೇ? ಉತ್ತರ ಬೇಕಾದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ಮೊದಲು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರು ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಹಗುರವಾದ ಬಳೆ ತೊಡಿಸಿ ಬಿಡುವ ಕಾರ್ಯವನ್ನು ನಡೆಸಿದರು. ಬಳೆಯ ಮೇಲೆ ಒಂದು ಸಂಖ್ಯೆ, ಸಿಕ್ಕಿದವರು ಮುಂಬಯಿಯ ಸಂಘಕ್ಕೆ ತಿಳಿಸಬೇಕೆಂಬ ಸೂಚನೆ. ರಾಜಸ್ಥಾನದ ಭರತಪುರದಲ್ಲಿ ಬಳೆ ತೊಟ್ಟ ಬಾತುಗಳು ಸಾವಿರಾರು ಮೈಲಿ ದೂರದ ಸೈಬೀರಿಯದಲ್ಲಿ ದೊರೆತವು. ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವೆಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಅದು ಕಾಡಿನ ಉಣ್ಣೆಗಳಿಂದ ಹರಡುವ ರೋಗ. ಸಂದೇಹ ಬಂದೊಡನೆ ಹಕ್ಕಿಗಳ ಮೇಲೆ ತಪ್ಪು ಹೊರಿಸದೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದ್ದೇ ನಿಜವಾದ ವಿಜ್ಞಾನ.

ಅಮೆರಿಕದ ಡಿಲ್ಲನ್ ರಿಪ್ಲೆಯವರೊಡನೆ ಸಲೀಂ ಅಲಿ ಬರೆದ ಭಾರತ ಉಪಖಂಡದ ಹಕ್ಕಿಗಳ ಮಹಾಗ್ರಂಥ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದಿತು. ಮುಗಿಸುವಾಗ ಅವರಿಗೆ ಎಪ್ಪತ್ತೇಳು ದಾಟಿತ್ತು. ಭರತಪುರದ ಕೆರೆಗಳು ಹೊಲಗಳಾಗದಂತೆ ತಡೆಯುವಲ್ಲಿಯೂ, ಕೇರಳದ ಮೌನಕಣಿವೆಯ ಕಾಡು ಅಣೆಕಟ್ಟಿನಲ್ಲಿ ಮುಳುಗದಂತೆ ಉಳಿಸುವಲ್ಲಿಯೂ ಅವರ ಮಾತು ನೆರವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಅಂತರರಾಷ್ಟ್ರೀಯ ಬಹುಮಾನವೊಂದರಲ್ಲಿ ಬಂದ ದೊಡ್ಡ ಮೊತ್ತವನ್ನು ನಿಸರ್ಗ ರಕ್ಷಣೆಯ ನಿಧಿಗೆ ಬಿಟ್ಟುಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ಮುಂಬಯಿಯಲ್ಲಿ ಅವರ ಜೀವನ ಮುಗಿಯಿತು. ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ 1990ರಲ್ಲಿ ನಮಗೆ ದೂರವಲ್ಲದ ಕೊಯಮತ್ತೂರಿನಲ್ಲಿಯೇ ಆರಂಭವಾಯಿತು.

ವಿದ್ಯಾರ್ಥಿ ಮಿತ್ರರೇ, ಸಲೀಂ ಅಲಿಯವರ ಹುಟ್ಟುಹಬ್ಬವಾದ ನವೆಂಬರ್ 12ರ ಹೊತ್ತಿಗೆ ಚಳಿಗಾಲದ ಹಕ್ಕಿಗಳು ನಮ್ಮಲ್ಲಿಗೆ ಬಂದಿರುತ್ತವೆ. ಅವುಗಳನ್ನು ನೋಡಲು ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣೇ ಸಾಕು. ಹಿರಿಯರ ಜೊತೆಯಲ್ಲಿ, ಆನೆಯ ಸುಳಿವಿಲ್ಲದ ಕಡೆ, ಊರಿನ ಕೆರೆಯ ಏರಿಯ ಮೇಲೆ ಸದ್ದು ಮಾಡದೆ ನಿಲ್ಲಿರಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಸ್ಥಳ, ಹಕ್ಕಿಯ ಗಾತ್ರ, ಬಣ್ಣ, ಎಷ್ಟು ಇದ್ದವು, ಏನು ಮಾಡುತ್ತಿದ್ದವು ಎಂಬುದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಅಂದು ಆ ಹುಡುಗನಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷ ಅದೇ ಹಕ್ಕಿ ಯಾವ ದಿನ ಬಂತೆಂದು ಹೋಲಿಸಿ ನೋಡಿರಿ. ಹಕ್ಕಿ ಬಾರದೆ ಹೋದರೆ ಅದನ್ನೂ ಬರೆದಿಡಿರಿ. ಕೆರೆ ಬತ್ತಿತೇ, ಒತ್ತುವರಿಯಾಯಿತೇ, ನೀರಿಗೆ ವಿಷ ಬಿತ್ತೇ ಎಂದು ಮೊದಲು ಕೇಳಬೇಕಾದವರು ಆ ಕೆರೆಯ ಊರಿನವರೇ.