ಪುಸ್ತಕದ ಗಂಟು ಹೊತ್ತು ನಡೆದ ಗಳಗನಾಥರು

ಮುರಗೋಡ, ಬೈಲಹೊಂಗಲದ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲವದು. ಬೆಳಗಾವಿ, ಧಾರವಾಡ ಜಿಲ್ಲೆಗಳ ಅನೇಕ ಸುಶಿಕ್ಷಿತ ಕನ್ನಡಿಗರು ಮರಾಠಿ ಕಾದಂಬರಿಗಳನ್ನೋದಿ ನಗುತ್ತಿದ್ದರು, ಕಣ್ಣೀರಿಡುತ್ತಿದ್ದರು. ಆ ನಗು, ಆ ಕಣ್ಣೀರು ಕನ್ನಡದ ಓದಿನಲ್ಲೂ ಉಕ್ಕಬೇಕೆಂದು ದುಡಿದವರು ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿ.

1869ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಜನಿಸಿದ ಅವರು ಶಾಲಾ ಶಿಕ್ಷಕರಾಗಿದ್ದರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದರು. 1565ರ ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ ಓದುಗರಲ್ಲಿ ದುಃಖದೊಂದಿಗೆ ನಾಡಿನ ಅಭಿಮಾನವನ್ನೂ ಕೆರಳಿಸಿತು. ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದ ಅವರು 1942ರಲ್ಲಿ ನಿಧನರಾದರು. ಹಣ ಕೂಡಲಿಲ್ಲ, ಕನ್ನಡಕ್ಕೆ ಓದುಗರು ಕೂಡಿದರು.