ಸೆಪ್ ಹರ್ಬರ್ಗರ್

ಕನ್ನಡಿಗರಿಗೆ ನಿಘಂಟನ್ನಿತ್ತ ಕಿಟ್ಟೆಲ್ಲರ ತಾಯ್ನಾಡಾದ ಜರ್ಮನಿಯಲ್ಲಿ, ಮ್ಯಾನ್‌ಹೈಮ್ ನಗರದ ಕಾರ್ಮಿಕರ ಕೇರಿಯೊಂದರಲ್ಲಿ, 1897ರ ಮಾರ್ಚ್ 28ರಂದು ಜನಿಸಿದವರು ಸೆಪ್ ಹರ್ಬರ್ಗರ್. ಬಾಲ್ಯದಲ್ಲಿಯೇ ಪಿತೃವಿಯೋಗವಾಗಲು ವ್ಯಾಸಂಗವನ್ನು ಮುಂದುವರಿಸಲಾರದೆ ದುಡಿಮೆಗೆ ನಿಂತರು. ಕಾಲ್ಚೆಂಡಾಟದಲ್ಲಿ ಪಳಗಿ 1921ರಿಂದ 1925ರೊಳಗೆ ಮೂರು ಬಾರಿ ರಾಷ್ಟ್ರತಂಡದಲ್ಲಿ ಆಡಿದರು. ಮೂವತ್ತು ದಾಟಿದ ಮೇಲೆ ಬರ್ಲಿನ್ನಿನ ದೇಹಶಿಕ್ಷಣ ವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು 1930ರಲ್ಲಿ ತೇರ್ಗಡೆ ಹೊಂದಿದುದೇ ಅವರ ಬಾಳಿನ ತಿರುವು. 1936ರಲ್ಲಿ ರಾಷ್ಟ್ರತಂಡದ ತರಬೇತುದಾರರಾದರು.

1933ರಲ್ಲಿ ಅವರು ನಾತ್ಸಿ ಪಕ್ಷವನ್ನು ಸೇರಿದುದು ಈ ಚರಿತ್ರೆಗಂಟಿದ ಕಲೆ, ಅದನ್ನು ಮರೆಮಾಚಲಾಗದು. ಮಹಾಯುದ್ಧದಲ್ಲಿ ದೇಶವು ಪಾಳುಬಿದ್ದ ಬಳಿಕ ಪಶ್ಚಿಮ ಜರ್ಮನಿಯ ತಂಡವನ್ನು ಹೊಸದಾಗಿ ಕಟ್ಟುವ ಹೊಣೆ ಅವರದಾಯಿತು. 1954ರ ವಿಶ್ವಕಪ್ ಸ್ಪರ್ಧೆಯ ಆರಂಭದಲ್ಲಿ, ಮುಂದಿನ ಪಂದ್ಯಗಳನ್ನೆಣಿಸಿ ಪ್ರಮುಖರಲ್ಲಿ ಹಲವರಿಗೆ ವಿಶ್ರಾಂತಿಯಿತ್ತು, ಹಂಗೆರಿಗೆ 8-3ರಿಂದ ಸೋತರು. ಜನರು ನಿಂದಿಸಿದರೂ ಧೃತಿಗೆಡಲಿಲ್ಲ. ಜುಲೈ 4ರಂದು ಬರ್ನ್ ನಗರದ ಅಂತಿಮ ಪಂದ್ಯದಲ್ಲಿ ಅದೇ ಹಂಗೆರಿ ಎಂಟು ನಿಮಿಷಗಳಲ್ಲಿ ಎರಡು ಗೋಲು ಗಳಿಸಿತು. ಆದರೂ ಹರ್ಬರ್ಗರರ ಶಿಷ್ಯರು 3-2ರಿಂದ ಜಯಶಾಲಿಗಳಾದರು.

1964ರಲ್ಲಿ, ಹಿಂದೆ ತಮ್ಮ ಕೈಕೆಳಗೆ ಆಡಿ ಬೆಳೆದ ಹೆಲ್ಮುಟ್ ಶೋನ್ ಅವರಿಗೆ ಆ ಸ್ಥಾನವನ್ನು ಬಿಟ್ಟುಕೊಟ್ಟರು. ಶಿಷ್ಯನ ತಂಡವು 1974ರಲ್ಲಿ ಮತ್ತೆ ವಿಶ್ವಕಪ್ ಗೆದ್ದಾಗ ಗುರು ಇನ್ನೂ ಬದುಕಿದ್ದರು. 1977ರ ಏಪ್ರಿಲ್ 28ರಂದು ಹುಟ್ಟೂರಾದ ಮ್ಯಾನ್‌ಹೈಮಿನಲ್ಲಿಯೇ ಕಾಲವಾದರು. ಕಾಯಕದಿಂದ ಮೇಲೇರಿದ ಈ ಜೀವವು ಶಿಕ್ಷಕರಿಗೆ ಮಾದರಿಯೂ ಹೌದು, ಎಚ್ಚರಿಕೆಯೂ ಹೌದು.