ಬಾಪೂ ಹೊಟ್ಟೆ ಕಲಿಸಿದ ಪಾಠ

ಭಾನುವಾರ ಬೆಳಕು ಹರಿಯೋ ಮೊದಲೇ ನಮ್ಮ ಹುಣಸಮಾರನಹಳ್ಳಿ ಮುಂದೆ, ಬಳ್ಳಾರಿ ರಸ್ತೆಯಲ್ಲಿ, ನಂದಿ ಬೆಟ್ಟಕ್ಕೆ ಹೊರಟ ಬೈಕು, ಕಾರುಗಳ ಸಾಲು. ಇವರೆಲ್ಲ ಸೂರ್ಯೋದಯ ನೋಡೋಕೆ ಹೋಗ್ತಾರೆ. 1927ರ ಏಪ್ರಿಲ್‌ನಲ್ಲಿ ಅದೇ ಬೆಟ್ಟಕ್ಕೆ 57 ವರ್ಷದ ಒಬ್ಬ ರೋಗಿ ವಿಶ್ರಾಂತಿಗೆ ಬಂದಿದ್ದರು. ಮಹಾತ್ಮ ಗಾಂಧಿ!

ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ. ಅದರ ಜೊತೆಗೆ ಉಂಡಿದ್ದು ಅರಗಲ್ಲ, ಹೊಟ್ಟೆ ಉಬ್ಬರ, ಮಲಬದ್ಧತೆ. ಹೊಟ್ಟೆ ವಿಷಯ ತಾನೇ ಅಂತ ಡಾಕ್ಟರ ಹತ್ತಿರ ಹೇಳೋದೂ ಇಲ್ಲ ಅಲ್ವಾ? ಬಾಪೂ ಕಥೆ ಕೇಳಿ.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲರಾಗಿದ್ದಾಗ ಅವರಿಗೆ ಮಲಬದ್ಧತೆ, ಆಗಾಗ ತಲೆನೋವು. ದಿನಕ್ಕೆ ಮೂರು ಹೊತ್ತು ಭರ್ತಿ ಊಟ, ನಡುವೆ ಸಂಜೆ ಟೀ. ಭೇದಿ ಔಷಧಿಯಿಂದಲೇ ಕಾಲ ತಳ್ಳುತ್ತಿದ್ದರು. ಬೆಳಗಿನ ತಿಂಡಿ ಬಿಟ್ಟ ಮೇಲೆ ತಲೆನೋವು ಹೋಯಿತು, ಮಲಬದ್ಧತೆ ಹೋಗಲಿಲ್ಲ. ಆಮೇಲೆ ಹೊಟ್ಟೆಗೆ ಒದ್ದೆ ಮಣ್ಣಿನ ಪಟ್ಟಿ ಕಟ್ಟಿಕೊಂಡರು. ಗುಣವಾಯಿತು ಅಂತ ಅವರೇ ಬರೆದಿದ್ದಾರೆ. ಹಾಗಂತ ನೀವು ನಾಳೆಯಿಂದ ತಿಂಡಿ ಬಿಟ್ಟೀರಿ ಜೋಕೆ! ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮಾತ್ರೆ ತಗೊಳ್ಳೋರು ಊಟ ತಪ್ಪಿಸಿದರೆ ಸಕ್ಕರೆ ಅಂಶ ತಟ್ಟನೆ ಇಳಿದು ತಲೆ ಸುತ್ತಿ ಬೀಳಬಹುದು.

ದೊಡ್ಡ ಗಂಡಾಂತರ ಬಂದಿದ್ದು 1918ರಲ್ಲಿ. ಖೇಡಾ ಜಿಲ್ಲೆಯಲ್ಲಿ ತಿರುಗಾಟ, ಊಟ ಅಂದ್ರೆ ಕಡಲೆಕಾಯಿ ಬೆಣ್ಣೆ, ನಿಂಬೆಹಣ್ಣು. ಜಾಸ್ತಿ ತಿಂದರೆ ಆಗಲ್ಲ ಅಂತ ಗೊತ್ತಿದ್ದೂ ತಿಂದರು. ಹೊಟ್ಟೆ ಕೆಟ್ಟಿತು. ಆಶ್ರಮಕ್ಕೆ ಬಂದರೆ ಅವತ್ತು ಹಬ್ಬ. ಕಸ್ತೂರಬಾ ಗೋಧಿಯ ಸಿಹಿ ಮಾಡಿ, ಹೆಸರುಕಾಳೂ ಬೇಯಿಸಿಟ್ಟಿದ್ದರು. ಸ್ವಲ್ಪ ತಿಂದು ಏಳೋಣ ಅಂತ ಕೂತವರು ಹೊಟ್ಟೆ ತುಂಬ ತಿಂದರು. ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. 24 ಗಂಟೆಯಲ್ಲಿ 30-40 ಸಲ ಎದ್ದು ಹೋಗಬೇಕಾಯಿತು. ಔಷಧಿ ಮಾತ್ರ ಬೇಡವೇ ಬೇಡ! ಇನ್ನು ಬದುಕಲ್ಲ ಅನ್ನೋ ಸ್ಥಿತಿ ಬಂತು. ಇದು ಹಟವೇ, ಬೇರೇನಲ್ಲ ಅಂತ ನನಗನ್ನಿಸುತ್ತೆ.

1919ರಲ್ಲಿ ಮುಂಬೈನ ಡಾ. ದಲಾಲ್ ಅವರಿಗೆ ಗುದದ್ವಾರದ ಶಸ್ತ್ರಚಿಕಿತ್ಸೆ ಮಾಡಿದರು. ಶಕ್ತಿ ಬರಬೇಕಾದರೆ ಹಾಲು ಕುಡಿಯಲೇಬೇಕು ಅಂದರು. ಹಸು, ಎಮ್ಮೆಗಳಿಂದ ಹಾಲು ಹಿಂಡೋಕೆ ಕೊಡೋ ಹಿಂಸೆ ತಿಳಿದು ಬಾಪೂ 1912ರಲ್ಲೇ ಹಾಲು ಬಿಟ್ಟಿದ್ದರು. ಆಗ ಬಾಯಿ ಹಾಕಿದ್ದು ಕಸ್ತೂರಬಾ. ಆಡಿನ ಹಾಲಿಗೆ ಏನು ಅಡ್ಡಿ ಅಂತ ಕೇಳಿದರು. ಬಾಪೂ ಒಪ್ಪಿದರು, ಚೇತರಿಸಿಕೊಂಡರು. ವ್ರತದ ಅಕ್ಷರ ಉಳಿಸಿ ಜೀವ ಬಿಟ್ಟೆ ಅನ್ನೋ ಕೊರಗು ಮಾತ್ರ ಅವರಿಗೆ ಹೋಗಲಿಲ್ಲ. ಆದರೆ ಆ ಮನುಷ್ಯ ಉಳಿದಿದ್ದು ಆ ತಾಯಿಯ ಅಡುಗೆಮನೆ ಬುದ್ಧಿಯಿಂದ, ಅಲ್ವಾ?

1924ರಲ್ಲಿ ಪುಣೆಯಲ್ಲಿ ಅಪೆಂಡಿಕ್ಸ್ ಆಪರೇಷನ್. 1927ರ ಮಾರ್ಚ್‌ನಲ್ಲಿ ಕೊಲ್ಹಾಪುರದಲ್ಲಿ ಕುಸಿದರು, ರಕ್ತದೊತ್ತಡ ಏರಿತ್ತು. ನಂದಿಯಲ್ಲಿ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿ ಪಡೆದು, ಜೂನ್‌ನಲ್ಲಿ ಬೆಂಗಳೂರಿಗೆ ಇಳಿದರು. ಬಿಪಿ ಕಡೆವರೆಗೂ ಬಿಡಲಿಲ್ಲ. 1940ರ ಫೆಬ್ರವರಿಯಲ್ಲಿ ಅದು 220/110 ಇತ್ತು! ಮಿತವಾದ ಊಟ, ಕತ್ತಲಾಗೋ ಮುಂಚೆ ಊಟ ಮುಗಿಸೋದು, ದಿನಾ ನಡಿಗೆ, ಇವನ್ನು ಅವರು ಬಿಡಲಿಲ್ಲ.

ನೀವೂ ಸ್ವಲ್ಪ ಸ್ವಲ್ಪ, ಹಲವು ಸಲ ಉಣ್ಣಿ. ಉಂಡ ಕೂಡಲೇ ಮಲಗಬೇಡಿ. ಕೆಲವು ಬಿಪಿ ಮಾತ್ರೆ, ಕಬ್ಬಿಣಾಂಶದ ಮಾತ್ರೆಯಿಂದಲೂ ಮಲಬದ್ಧತೆ ಬರುತ್ತೆ, ನೀವಾಗೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಬಹಳ ವರ್ಷದ ಸಕ್ಕರೆ ಕಾಯಿಲೆ ಇರೋರಿಗೆ ಜಠರದ ನರ ಸೋತು, ಊಟ ನಿಧಾನ ಇಳಿಯುತ್ತೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾದ್ರೆ, ಪದೇ ಪದೇ ವಾಂತಿಯಾದ್ರೆ ಕಷಾಯ ಕುಡಿದು ಕೂರಬೇಡಿ. ಅಂಥವರಿಗೆ ಎಣ್ಣೆ ಪದಾರ್ಥ, ನಾರಿನ ಸೊಪ್ಪು ಜಾಸ್ತಿಯಾದ್ರೂ ಕಷ್ಟ. ಮಲದಲ್ಲಿ ರಕ್ತ ಕಂಡರೆ, ತೂಕ ತಾನಾಗೇ ಇಳಿದರೆ ತಡಮಾಡಬೇಡಿ.

ಹೇಳೋದು ಮರೆತೆ. ಆ ಜೂನ್‌ನಲ್ಲಿ ಚೇತರಿಸಿಕೊಂಡ ಬಾಪೂ ಬೆಂಗಳೂರಿನ ಹೊಸೂರು ರಸ್ತೆಯ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಹಸು ಸಾಕೋದು ಹೇಗೆ ಅಂತ ಕಲಿತರು. ಕುಡಿಯುತ್ತಿದ್ದುದು ಮಾತ್ರ ಆಡಿನ ಹಾಲನ್ನೇ.